ಜಾಗ ಕೊಳ್ಳುವ ಮೊದಲು ನಕ್ಷೆ ನೋಡಿ: ಮಂಗಳೂರು–ಉಡುಪಿಯಲ್ಲಿ ಭೂಬಳಕೆ ವಕೀಲರ ಕೆಲಸ, ಹಂತ ಹಂತವಾಗಿ

ಬ್ರೋಕರ್ ‘ಜಾಗ ಕ್ಲಿಯರ್ ಉಂಟು’ ಅಂದರೆ ಸಾಮಾನ್ಯವಾಗಿ ಅದಕ್ಕೆ ಒಂದೇ ಅರ್ಥ. ಮಾರುವವರ ಹೆಸರು ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಇದೆ, ಅಷ್ಟೆ. ಅಲ್ಲಿ ಮನೆ ಕಟ್ಟಬಹುದಾ, ಅಂಗಡಿ ಹಾಕಬಹುದಾ, ಎಷ್ಟು ಮಹಡಿ ಏರಿಸಬಹುದು ಎಂಬ ಪ್ರಶ್ನೆಗೆ ಆ ಮಾತಿನಲ್ಲಿ ಉತ್ತರ ಇಲ್ಲ. ಜಾಗದ ಒಡೆತನ ಒಂದು, ಅದನ್ನು ಬೇಕಾದ ಹಾಗೆ ಬಳಸುವ ಅನುಮತಿ ಇನ್ನೊಂದು. ನಮ್ಮ ಜಿಲ್ಲೆಗಳಲ್ಲಿ ಮೊದಲನೆಯದನ್ನು ಎಲ್ಲರೂ ನೋಡುತ್ತಾರೆ. ಎರಡನೆಯದನ್ನು ಅಡ್ವಾನ್ಸ್ ಕೊಟ್ಟ ಮೇಲೆ ಕೇಳುತ್ತಾರೆ.

ಭೂಬಳಕೆಯ ಕೇಸು ನೋಡುವ ವಕೀಲರ ಕೆಲಸ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ. ಕೋರ್ಟಿನಲ್ಲಿ ವಾದ ಮಾಡುವುದು ಅದರ ಒಂದು ತುಂಡು ಮಾತ್ರ. ಜಾಸ್ತಿ ಹೊತ್ತು ಹೋಗುವುದು ನಕ್ಷೆ ಬಿಡಿಸಿ ನೋಡುವುದರಲ್ಲಿ, ಹಳೇ ಕಡತ ಹುಡುಕುವುದರಲ್ಲಿ, ಕಚೇರಿಯಿಂದ ಕಚೇರಿಗೆ ತಿರುಗುವುದರಲ್ಲಿ. ಆ ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೆ ಎಂದು ಗೊತ್ತಿದ್ದರೆ ನಿಮ್ಮ ವಕೀಲರನ್ನು ಸರಿಯಾಗಿ ಬಳಸಿಕೊಳ್ಳಬಹುದು. ಅರ್ಧ ಕೆಲಸ ನೀವೇ ಮಾಡಿಕೊಳ್ಳಬಹುದು.

ಮಾತು ಗಾಳಿಯಲ್ಲಿ ಹೋಗದ ಹಾಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಲ್ಫಿನಲ್ಲಿ ದುಡಿಯುವ ಒಬ್ಬರು ಉದ್ಯಾವರ ಹೊಳೆಯ ಹತ್ತಿರ 25 ಸೆಂಟ್ಸ್ ಜಾಗ ನೋಡಿದ್ದಾರೆ. ಒಂದು ಸೆಂಟ್ಸ್ ಅಂದರೆ 435.6 ಚದರಡಿ, ಹಾಗಾಗಿ ಒಟ್ಟು 10,890 ಚದರಡಿ. ಸ್ವಲ್ಪ ಗದ್ದೆ, ಸ್ವಲ್ಪ ತೆಂಗಿನ ತೋಟ. ಹಿಂದೆ ಮನೆ, ರಸ್ತೆ ಬದಿಗೆ ಎರಡು ಅಂಗಡಿ ಕೋಣೆ ಕಟ್ಟುವ ಆಸೆ. ಈ ಜಾಗವನ್ನು ಹಿಡಿದುಕೊಂಡೇ ಮುಂದೆ ಹೋಗೋಣ.

ಹಂತ 1: ಯಾರ ವ್ಯಾಪ್ತಿ, ಯಾವ ಬಣ್ಣ

ಮೊದಲು ಸರ್ವೆ ನಂಬರ್ ಖಚಿತ ಮಾಡಿಕೊಳ್ಳಿ. ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದ ಮೇಲೆ ನಿಂತರೆ ನೀವು ನಿಂತ ಕಡೆಯ ಸರ್ವೆ ನಂಬರ್ ತೋರಿಸುತ್ತದೆ. ಗಡಿಯ ಅಂಚಿನಲ್ಲಿ ಅದು ಸ್ವಲ್ಪ ಆಚೀಚೆ ಆಗುತ್ತದೆ, ಅದನ್ನೇ ಅಳತೆ ಅಂತ ನಂಬಬೇಡಿ. ಆದರೆ ಬ್ರೋಕರ್ ತೋರಿಸಿದ ಜಾಗ ಒಂದು, ಕಾಗದದಲ್ಲಿರುವ ಜಾಗ ಇನ್ನೊಂದು ಎಂಬ ಮೋಸ ಇಲ್ಲೇ ಗೊತ್ತಾಗಿಬಿಡುತ್ತದೆ.

ಆಮೇಲೆ ಯೋಜನಾ ಪ್ರಾಧಿಕಾರ ಯಾವುದು ಎಂದು ನೋಡಬೇಕು. ಮಂಗಳೂರಿಗೆ ನಗರಾಭಿವೃದ್ಧಿ ಪ್ರಾಧಿಕಾರ, ಎಲ್ಲರ ಬಾಯಲ್ಲಿ ‘ಮೂಡಾ’. ಕಚೇರಿ ಉರ್ವಸ್ಟೋರಿನಲ್ಲಿದೆ. ಉಡುಪಿಗೆ ಅದರದ್ದೇ ನಗರಾಭಿವೃದ್ಧಿ ಪ್ರಾಧಿಕಾರ ಇದೆ. ‘ನಮ್ಮದು ಪಂಚಾಯತ್, ನಮಗೆ ಮೂಡಾ ಬರುವುದಿಲ್ಲ’ ಎಂದು ಹೇಳುವವರು ತುಂಬಾ ಜನ. ಪ್ರಾಧಿಕಾರದ ಗಡಿಯೂ ಪಾಲಿಕೆಯ ಗಡಿಯೂ ಒಂದೇ ಅಲ್ಲ. ನಗರದ ಸುತ್ತಲಿನ ಎಷ್ಟೋ ಗ್ರಾಮಗಳು ಪ್ರಾಧಿಕಾರದ ಒಳಗೆ ಇವೆ. ಅಲ್ಲಿ ಮನೆ ಕಟ್ಟಲು ಲೈಸೆನ್ಸ್ ಕೊಡುವುದು ಪಂಚಾಯತ್, ಭೂಬಳಕೆ ತೀರ್ಮಾನಿಸುವುದು ಪ್ರಾಧಿಕಾರ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ನೇ ಇಸವಿಯದು. ಅದರ ಪ್ರಕಾರ ಮಾಡಿದ ಮಾಸ್ಟರ್ ಪ್ಲಾನಿನಲ್ಲಿ ಪ್ರತಿ ಜಾಗಕ್ಕೂ ಒಂದು ಬಣ್ಣ ಇರುತ್ತದೆ. ಹಳದಿ ಅಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ, ಹಸಿರು ಪಾರ್ಕು ಮತ್ತು ಬಯಲು. ಕೃಷಿ ವಲಯ ಬೇರೆ. ಬಣ್ಣ ನೋಡಿ ಸುಮ್ಮನಾಗಬೇಡಿ. ಜೊತೆಗೆ ವಲಯ ನಿಯಮಾವಳಿ ಎಂಬ ಪುಸ್ತಕ ಇರುತ್ತದೆ. ಹಳದಿಯಲ್ಲಿ ಎಷ್ಟು ಅಗಲದ ರಸ್ತೆ ಇದ್ದರೆ ಸಣ್ಣ ಅಂಗಡಿ ಆಗುತ್ತದೆ, ಸುತ್ತ ಎಷ್ಟು ಜಾಗ ಬಿಡಬೇಕು, ನೆಲದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು, ಎಲ್ಲ ಅದರಲ್ಲಿದೆ. ರಸ್ತೆಯ ಅಗಲ ಇಲ್ಲಿ ಜೀವಾಳ. ಎಷ್ಟೋ ಸಲ ಜಾಗ ದೊಡ್ಡದಿದ್ದರೂ ಓಣಿ ಸಣ್ಣದು ಎಂಬ ಕಾರಣಕ್ಕೆ ಪ್ಲಾನ್ ಕುಗ್ಗುತ್ತದೆ.

ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಆ ಸರ್ವೆ ನಂಬರಿನ ವಲಯ ದೃಢೀಕರಣ ಪತ್ರ ತೆಗೆದುಕೊಳ್ಳಿ. ಕೌಂಟರಿನಲ್ಲಿ ಯಾರೋ ‘ವಸತಿ ಬರ್ತದೆ’ ಅಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೊಡಲು ತಡ ಮಾಡಿದರೆ ಮಾಹಿತಿ ಹಕ್ಕಿನಲ್ಲಿ ₹10 ಕಟ್ಟಿ ನಕ್ಷೆಯ ಪ್ರತಿ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು.

ನಕ್ಷೆಯಲ್ಲಿ ಇನ್ನೊಂದು ಹುಡುಕಿ: ಪ್ರಸ್ತಾವಿತ ರಸ್ತೆ. ಜಾಗದ ಮಧ್ಯದಲ್ಲೇ ಎರಡು ಗೆರೆ ಹೋಗಿರುತ್ತದೆ, ನೆಲದ ಮೇಲೆ ಬರೀ ತೆಂಗಿನ ಮರ ಕಾಣುತ್ತದೆ. ಹಾಗೆ ಮೀಸಲಾದ ಜಾಗದವರಿಗೆ ಈ ಕಾಯ್ದೆಯ 69ನೇ ಕಲಂ ಒಂದು ಬಾಗಿಲು. ಅಂತಿಮ ಪ್ಲಾನ್ ಗೆಜೆಟ್ಟಿನಲ್ಲಿ ಬಂದ 5 ವರ್ಷದೊಳಗೆ ಜಾಗವನ್ನು ಒಪ್ಪಂದದಿಂದ ತೆಗೆದುಕೊಳ್ಳದೆ, ಭೂಸ್ವಾಧೀನವನ್ನೂ ಶುರು ಮಾಡದೆ ಇದ್ದರೆ ಆ ಮೀಸಲು ಬಿದ್ದುಹೋಗುತ್ತದೆ. ಕಚೇರಿ ತಾನಾಗಿ ಇದನ್ನು ಹೇಳುವುದಿಲ್ಲ, ವಕೀಲರು ಕೇಳಿಯೇ ಪಡೆಯಬೇಕು. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟುಕೊಟ್ಟವರು ಹಣದ ಬದಲು ಟಿಡಿಆರ್, ಅಂದರೆ ಬೇರೆ ಕಡೆ ಬಳಸಬಹುದಾದ ಕಟ್ಟಡ ಹಕ್ಕು, ತೆಗೆದುಕೊಳ್ಳುವ ದಾರಿಯೂ 14–ಬಿ ಕಲಂನಲ್ಲಿದೆ.

ಹಂತ 2: ಸಮುದ್ರ, ಹೊಳೆ, ಕಾಂಡ್ಲಾ

ಕರಾವಳಿಯಲ್ಲಿ ಮಾಸ್ಟರ್ ಪ್ಲಾನಿನ ಮೇಲೆ ಇನ್ನೊಂದು ಪದರ ಕೂರುತ್ತದೆ. ಅದು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯ. ಹಳದಿ ಬಣ್ಣ ಇದ್ದರೂ ಸಿಆರ್‌ಝಡ್ ಬೇಡ ಅಂದರೆ ಬೇಡವೇ.

ಈಗಿನ ಅಧಿಸೂಚನೆ 2019ರ ಜನವರಿ 18ರದ್ದು. ಕಡಲಿನ ಕಡೆ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗ ಇದರ ಹಿಡಿತದಲ್ಲಿದೆ. ಉಬ್ಬರ ಇಳಿತ ಇರುವ ಹೊಳೆಗಳಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. 2011ರ ಹಳೇ ಅಧಿಸೂಚನೆಯಲ್ಲಿ ಇದು 100 ಮೀಟರ್ ಇತ್ತು. ಹಾಗಾಗಿ ಹಳೇ ನಕ್ಷೆ ಹಿಡಿದು ಮಾತಾಡುವವರ ಲೆಕ್ಕ, ಹೊಸ ನಕ್ಷೆ ಹಿಡಿದವರ ಲೆಕ್ಕ ಬೇರೆ ಬೇರೆ ಬರುತ್ತದೆ. ಹೊಳೆಯಲ್ಲಿ ಎಷ್ಟು ಮೇಲಿನವರೆಗೆ ನಿಯಮ ಇದೆ ಎಂಬುದಕ್ಕೂ ಅಳತೆ ಉಂಟು. ವರ್ಷದ ಅತಿ ಒಣ ಕಾಲದಲ್ಲಿ ನೀರಿನ ಉಪ್ಪು ಸಾವಿರಕ್ಕೆ 5 ಭಾಗ ಇರುವ ಜಾಗದವರೆಗೆ. ನೇತ್ರಾವತಿ, ಫಲ್ಗುಣಿ, ಶಾಂಭವಿ, ಉದ್ಯಾವರ, ಸ್ವರ್ಣಾ, ಸೀತಾ, ಈ ಎಲ್ಲ ಹೊಳೆಗಳ ಕೆಳಭಾಗದ ದಡಕ್ಕೆ ಇದು ತಾಗುತ್ತದೆ. ಕಡಲೇ ಕಾಣದ ಊರಿನಲ್ಲಿ ಸಿಆರ್‌ಝಡ್ ತೊಡಕು ಬಂತು ಎಂದು ಜನ ಆಶ್ಚರ್ಯ ಪಡುವುದು ಇದಕ್ಕೇ.

ಒಳಗೆ ಮತ್ತೆ ವರ್ಗಗಳಿವೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇರುವ ಜಾಗ ಒಂದನೇ ವರ್ಗ, ಅಲ್ಲಿ ಮನೆಯ ಮಾತೇ ಬೇಡ. 1,000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ಇದ್ದರೆ ಅದರ ಸುತ್ತ 50 ಮೀಟರ್ ಕೂಡ ಬಿಡಬೇಕು. ನಗರದೊಳಗೆ ಆಗಲೇ ಕಟ್ಟಡ ತುಂಬಿದ ಪ್ರದೇಶ ಎರಡನೇ ವರ್ಗ. ಅಲ್ಲಿ ಮೊದಲಿಂದ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಸಾಲಿನಿಂದ ಊರಿನ ಕಡೆಗೆ ಕಟ್ಟಲು ಅವಕಾಶ ಇದೆ, ಕಡಲಿನ ಕಡೆಗೆ ಇಲ್ಲ. ಮೂರನೆಯದು ಹಳ್ಳಿಯ ಕಡೆ. 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇದ್ದರೆ ಕಡಲಿನಿಂದ 50 ಮೀಟರ್ ಕಟ್ಟಡ ನಿಷೇಧ, ಕಡಿಮೆ ಇದ್ದರೆ 200 ಮೀಟರ್. ಅಂದರೆ ಅಕ್ಕಪಕ್ಕದ ಎರಡು ಗ್ರಾಮಗಳಿಗೆ ಎರಡು ನಿಯಮ ಬರಬಹುದು.

ಪಡುಕೆರೆ, ಕೋಡಿಬೆಂಗ್ರೆಯಂಥ ಕಡೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಅಲ್ಲಿ ಎರಡೂ ಕಡೆಯಿಂದ ಅಳೆಯಬೇಕು. ಹೋಮ್‌ಸ್ಟೇ ಮಾಡುತ್ತೇವೆ ಎಂದು ಅಲ್ಲಿ ಜಾಗ ಹುಡುಕುವವರಿಗೆ ನಾನು ಮೊದಲು ಹೇಳುವುದು, ಜಾಗದ ಚಂದ ನೋಡುವ ಮೊದಲು ಕರಾವಳಿ ವಲಯ ನಿರ್ವಹಣಾ ನಕ್ಷೆ ನೋಡಿ ಎಂದು. ಜಿಲ್ಲೆಯ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ಸರ್ವೆ ನಂಬರ್ ಕೊಟ್ಟು ವಿಚಾರಿಸಬಹುದು.

ನಮ್ಮ ಉದಾಹರಣೆಯ 25 ಸೆಂಟ್ಸಿನಲ್ಲಿ ಹೊಳೆಯ ಬದಿಯ ಒಂದು ಪಟ್ಟಿ ಈ 50 ಮೀಟರಿನೊಳಗೆ ಬಿತ್ತು ಅಂತಿಟ್ಟುಕೊಳ್ಳಿ. ಜಾಗ ಪೂರ್ತಿ ಹಾಳಾಗಲಿಲ್ಲ. ಆ ಪಟ್ಟಿಯಲ್ಲಿ ತೆಂಗು ಇರಲಿ, ಮನೆ ರಸ್ತೆಯ ಕಡೆಗೆ ಬರಲಿ. ಆದರೆ ಕೊಡುವ ಬೆಲೆ 25 ಸೆಂಟ್ಸಿಗೂ ಒಂದೇ ಆಗಬಾರದು, ಅಲ್ವಾ?

ಹಂತ 3: ಹಕ್ಕಿನ ಬೇರು

ಇಲ್ಲಿ ಅವಸರ ಮಾಡಬೇಡಿ. ದಕ್ಷಿಣ ಕನ್ನಡ, ಉಡುಪಿಯ ಜಾಗದ ಕಾಗದಗಳು ರಾಜ್ಯದ ಬೇರೆ ಕಡೆಯ ಹಾಗಲ್ಲ. ಮದ್ರಾಸ್ ಕಾಲದ ಪದ್ಧತಿ ಇನ್ನೂ ಅದರಲ್ಲಿ ಉಸಿರಾಡುತ್ತಿದೆ.

ಆರ್‌ಟಿಸಿಯಿಂದ ಶುರು ಮಾಡಿ. 9ನೇ ಕಾಲಂನಲ್ಲಿ ಯಾರ ಹೆಸರು, 10ರಲ್ಲಿ ಅವರಿಗೆ ಹೇಗೆ ಬಂತು, 11ರಲ್ಲಿ ಸಾಲ, ತಡೆಯಾಜ್ಞೆ ಏನಾದರೂ ಇದೆಯಾ ಎಂದು ನೋಡಿ. 3ನೇ ಕಾಲಂನಲ್ಲಿ ‘ಬಿ’ ಖರಾಬು (ಸಾಗುವಳಿಗೆ ಸೇರದ ಜಾಗ) ಇದ್ದರೆ ಅಷ್ಟು ಜಾಗ ಸಾರ್ವಜನಿಕರದ್ದು. ತೋಡೋ (ಸಣ್ಣ ಹಳ್ಳ) ದಾರಿಯೋ ಇರಬೇಕು ಅಲ್ಲಿ. ಋಣಭಾರ ಪತ್ರ, ಅಂದರೆ ಇಸಿ, ಕನಿಷ್ಠ 30 ವರ್ಷದ್ದು ತೆಗೆಸಿ. ನಾನು 1974ರ ತನಕ ಹಿಂದೆ ಹೋಗಿ ಎನ್ನುತ್ತೇನೆ. ಯಾಕೆಂದರೆ ಆ ವರ್ಷದ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಆಮೇಲೆ ಭೂ ನ್ಯಾಯಮಂಡಳಿಯಲ್ಲಿ ಫಾರಂ 7 ಹಾಕಿದ ಗೇಣಿದಾರರಿಗೆ ಹಕ್ಕು ಸಿಕ್ಕಿತು. ನಮ್ಮ ಕಡೆ ಇದನ್ನು ‘ಡಿಕ್ಲರೇಶನ್ ಜಾಗ’ ಅನ್ನುತ್ತಾರೆ. ಅಂಥ ಜಾಗಕ್ಕೆ ನ್ಯಾಯಮಂಡಳಿಯ ಆದೇಶ, ಫಾರಂ 10 (ಹಕ್ಕಿನ ಪ್ರಮಾಣಪತ್ರ) ಎರಡೂ ಬೇಕು. ಹೀಗೆ ಹಕ್ಕು ಸಿಕ್ಕಿದ ಮೇಲೆ 15 ವರ್ಷ ಮಾರುವ ಹಾಗಿರಲಿಲ್ಲ. ಆ ಅವಧಿಯೊಳಗೆ ಹಳಬರು ಮಾರಿದ್ದಾರಾ ಎಂದು ತಾರೀಕು ಕೂಡಿಸಿ ನೋಡಬೇಕು. ಅದೇ ಜಮೀನಿನ ಮೇಲೆ ಇನ್ನೊಬ್ಬರ ಅರ್ಜಿ ಬಾಕಿ ಇದೆಯಾ ಎಂದೂ ವಿಚಾರಿಸಬೇಕು.

ಇಸಿ ಎಲ್ಲ ಹೇಳುವುದಿಲ್ಲ ಎಂಬುದೂ ಗೊತ್ತಿರಲಿ. ನೋಂದಣಿ ಆಗದ ಕರಾರು, ನೋಂದಣಿ ಆಗದ ವಿಲ್, ಕೋರ್ಟಿನ ದಾವೆ ಅದರಲ್ಲಿ ಬರುವುದಿಲ್ಲ. ಇ–ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರು, ಅವರ ಅಣ್ಣತಮ್ಮ, ಅಕ್ಕತಂಗಿಯರ ಹೆಸರು ಹಾಕಿ ಹುಡುಕಿ.

ಕುಮ್ಕಿಯ ಮಾತಿಗೆ ಬರೋಣ. ಜಾಗ ತೋರಿಸುವಾಗ 40 ಸೆಂಟ್ಸ್ ಬೇಲಿ ಇರುತ್ತದೆ, ಆರ್‌ಟಿಸಿಯಲ್ಲಿ 25 ಮಾತ್ರ. ಉಳಿದದ್ದು ಏನು ಅಂದರೆ ‘ಅದು ಕುಮ್ಕಿ, ನಮ್ಮದೇ’ ಅನ್ನುತ್ತಾರೆ. ಕುಮ್ಕಿ ಅಂದರೆ ಹಳೇ ವರ್ಗ ಜಾಗದಿಂದ (ಕಂದಾಯ ಕಟ್ಟುವ ಪಟ್ಟಾ ಜಾಗದಿಂದ) 100 ಗಜದೊಳಗಿನ ಸರ್ಕಾರಿ ಜಾಗ. ವರ್ಗದಾರರು ಅಲ್ಲಿ ಸೊಪ್ಪು, ಕಟ್ಟಿಗೆ ತೆಗೆಯಬಹುದು ಎಂಬ ಸೌಲಭ್ಯ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಆ ಸೌಲಭ್ಯವನ್ನು ಉಳಿಸಿತೇ ಹೊರತು ಒಡೆತನ ಕೊಡಲಿಲ್ಲ. ಕುಮ್ಕಿಯನ್ನು ಕ್ರಯ ಮಾಡಲು ಬರುವುದಿಲ್ಲ. ಅಲ್ಲಿ ಕಟ್ಟಿದ ಕಾಂಪೌಂಡಿಗೂ ಬಾವಿಗೂ ನೀವು ದುಡ್ಡು ಕೊಟ್ಟರೆ ಅದು ನಿಮ್ಮ ಧೈರ್ಯ.

ಸರ್ಕಾರದಿಂದ ಮಂಜೂರಾದ ಜಾಗವಾದರೆ ಸಾಗುವಳಿ ಚೀಟಿಯ (ಮಂಜೂರಾತಿ ಪತ್ರದ) ಷರತ್ತು ಓದಿ, ಮಾರಬಾರದು ಎಂಬ ಅವಧಿ ಮುಗಿದಿದೆಯಾ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಮುಂಚಿನ ಅನುಮತಿ ಇಲ್ಲದೆ ಮಾರಿದ ಕ್ರಯ ನಿಲ್ಲುವುದಿಲ್ಲ. 2023ರ ತಿದ್ದುಪಡಿಯ ನಂತರ ‘ತುಂಬಾ ಹಳೇದಾಯ್ತು’ ಎಂಬ ವಾದವನ್ನೇ ನಂಬಿ ಕೂರಬೇಡಿ. ‘ಡಿಸಿ ಮನ್ನಾ’ (ದಲಿತರಿಗೆ ಮೀಸಲಿಟ್ಟ ಜಾಗ) ಎಂಬ ಶಬ್ದ ಎಲ್ಲಿ ಕಂಡರೂ ಅಲ್ಲಿಗೇ ನಿಲ್ಲಿಸಿ.

ಮಂಗಳೂರು ಪೇಟೆಯ ಹಳೇ ಜಾಗಗಳಲ್ಲಿ ಮೂಲಗೇಣಿ ಇರುತ್ತದೆ. ತಲೆಮಾರಿನಿಂದ ಮನೆ ಕಟ್ಟಿಕೊಂಡಿದ್ದರೂ ಅವರದ್ದು ಶಾಶ್ವತ ಗೇಣಿ, ಮೂಲಿ ಹಕ್ಕು ಇನ್ನೊಬ್ಬರದ್ದು. ಎರಡೂ ಕಡೆಯವರ ಸಹಿ ಇಲ್ಲದೆ ಪೂರ್ತಿ ಹಕ್ಕು ನಿಮಗೆ ಬರುವುದಿಲ್ಲ.

ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರ ತರವಾಡಿನ (ಕೂಡುಕುಟುಂಬದ) ಆಸ್ತಿ ಅಳಿಯಕಟ್ಟಿನದು. ಹೆಂಗಸರ ಸಂತತಿಯಲ್ಲಿ ಹಕ್ಕು ಹರಿಯುವ ಪದ್ಧತಿ. ಹಳೇ ಪಾಲುಪಟ್ಟಿಯಲ್ಲಿ ‘ಕವರು’ (ಹೆಣ್ಣು ಸಂತತಿಯ ಒಂದು ಕವಲು) ಎಂದು ಇದ್ದರೆ ಅದನ್ನು 1949ರ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 7(2) ಕಲಂ, ಎರಡನ್ನೂ ಪಕ್ಕದಲ್ಲಿಟ್ಟು ಓದಬೇಕು. ಕವರಿನಲ್ಲಿ ಯಾರು ಬದುಕಿದ್ದರು, ಯಾರು ಯಾವಾಗ ತೀರಿಕೊಂಡರು ಎಂಬುದರ ಮೇಲೆ ಹಕ್ಕು ನಿಂತಿರುತ್ತದೆ. ‘ಮನೆಯ ಯಜಮಾನರು ಸಹಿ ಹಾಕುತ್ತಾರೆ’ ಎಂಬ ಮಾತು ಇಲ್ಲಿ ಸಾಕಾಗುವುದಿಲ್ಲ. ಬೆಂಗಳೂರಿನಿಂದ ಬಂದ ಎಷ್ಟೋ ಬಿಲ್ಡರ್‌ಗಳ ವಕೀಲರು ಎಡವುವುದು ಇದೇ ಜಾಗದಲ್ಲಿ.

ಜಾಗದೊಳಗೆ ನಾಗಬನವೋ ದೈವದ ಕಟ್ಟೆಯೋ ಇದ್ದರೆ ಕುಟುಂಬದವರು ವರ್ಷಕ್ಕೊಮ್ಮೆಯಾದರೂ ಬರುತ್ತಾರೆ, ಬರಲೇಬೇಕು. ಅದನ್ನು ಬಾಯಿಮಾತಿಗೆ ಬಿಡಬೇಡಿ. ಎಷ್ಟು ಜಾಗ ಬನಕ್ಕೆ, ದಾರಿ ಎಲ್ಲಿಂದ, ಜೀರ್ಣೋದ್ಧಾರ ಯಾರ ಕೈಯಲ್ಲಿ ಎಂದು ಕ್ರಯಪತ್ರದಲ್ಲೇ ಬರೆಸಿ, ನಕ್ಷೆಯಲ್ಲಿ ಗುರುತು ಮಾಡಿಸಿ.

ಹಂತ 4: ಕಾಲಿಟ್ಟು ನೋಡುವುದು

ಒಳ್ಳೆಯ ವಕೀಲರು ಜಾಗಕ್ಕೆ ಒಮ್ಮೆ ಬಂದೇ ಬರುತ್ತಾರೆ. ಆದರೆ ಮಳೆಗಾಲದಲ್ಲಿ ಹೋಗಿ. ತಗ್ಗಿನ ಬೈಲು ಗದ್ದೆಯಾ, ನಡುವಿನ ಮಜಲಾ, ಎತ್ತರದ ಬೆಟ್ಟಾ, ಯಾವುದು ಎಂದು ಜುಲೈಯಲ್ಲಿ ಕೇಳುವ ಅಗತ್ಯವೇ ಇಲ್ಲ, ನೀರೇ ಹೇಳುತ್ತದೆ.

ದಾರಿ ಮುಖ್ಯ. ಕಟ್ಟಪುಣಿಯ (ಗದ್ದೆಯ ಬದುವಿನ) ಮೇಲೆ ನಡೆದು ಹೋಗುತ್ತಿದ್ದರು ಎಂದರೆ ಅದು ಕಾಲುದಾರಿ. ಅದರಲ್ಲಿ ಕಾರು, ಲಾರಿ ಬಿಡುವ ಹಕ್ಕು ತಾನಾಗಿ ಬರುವುದಿಲ್ಲ. 1882ರ ಅನುಭೋಗ ಹಕ್ಕಿನ ಕಾಯ್ದೆಯಲ್ಲಿ 20 ವರ್ಷ ಅಡ್ಡಿಯಿಲ್ಲದೆ ಬಳಸಿದ ದಾರಿಗೆ ಹಕ್ಕು ಕೇಳಬಹುದು ನಿಜ. ಆದರೆ ಬಳಸಿದ ರೀತಿಗೆ ಮಾತ್ರ. ಪ್ಲಾನ್ ಪಾಸಾಗಲು ರಸ್ತೆ ಬೇಕೇ ಬೇಕು. ಹಾಗಾಗಿ ದಾರಿ ಕೊಡುವವರಿಂದ ನೋಂದಣಿ ಆದ ದಾರಿ ಹಕ್ಕಿನ ಪತ್ರ ಮೊದಲು ಆಗಲಿ.

ತೋಡು ಎಲ್ಲಿ ಹರಿಯುತ್ತದೆ ನೋಡಿ. ಗದ್ದೆಗೆ ಮಣ್ಣು ತುಂಬಿಸಿ ಎತ್ತರ ಮಾಡಿದರೆ ಪಕ್ಕದವರ ಅಂಗಳಕ್ಕೆ ನೀರು ನುಗ್ಗುತ್ತದೆ, ದಾವೆ ಅಲ್ಲಿಂದ ಶುರು. ಗುಡ್ಡೆ ಕಡಿದ ಜಾಗವಾದರೆ ಮೇಲಿನ ಮನೆ ನೋಡಿ. ಕೆಂಪು ಕಲ್ಲು ತೆಗೆದ ಹಳೇ ಕೋರೆಗೆ ಮಣ್ಣು ತುಂಬಿಸಿ ಮಾರುವುದೂ ಉಂಟು. ಬಜ್ಪೆ, ಕೆಂಜಾರು ಸುತ್ತ ಎತ್ತರದ ಕಟ್ಟಡ ಆಲೋಚಿಸಿದ್ದರೆ ವಿಮಾನ ನಿಲ್ದಾಣದ ಎತ್ತರದ ನಿರಾಕ್ಷೇಪಣೆ ಬೇಕು. ಹೆದ್ದಾರಿ 66ರ ಬದಿಯಾದರೆ ಹೆದ್ದಾರಿಯವರ ಕಟ್ಟಡ ರೇಖೆ ವಿಚಾರಿಸಿ.

ಹಂತ 5: ಕರಾರು

ಇಷ್ಟಾದ ಮೇಲೆ ಅಡ್ವಾನ್ಸ್. ಅದೂ ಸಣ್ಣ ಮೊತ್ತ, ಬ್ಯಾಂಕ್ ಮೂಲಕ.

ಕರಾರಿನಲ್ಲಿ ವಕೀಲರು ಹಾಕಬೇಕಾದ ಮುಖ್ಯ ಮಾತು ಇದು: ವಸತಿಗೆ ಭೂ ಪರಿವರ್ತನೆ (ಕನ್ವರ್ಷನ್), ಏಕನಿವೇಶನ (ಒಂದೇ ಸೈಟಿನ) ಅನುಮೋದನೆ, ಖಾತೆ ಇವು ಇಂತಿಷ್ಟು ತಿಂಗಳೊಳಗೆ ಮಾರುವವರು ಮಾಡಿಸಿಕೊಡಬೇಕು, ಆಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ (ಆ ಭಾಗವನ್ನು ಅಳೆದು ಸರ್ವೆ ಇಲಾಖೆ ಕೊಡುವ ನಕ್ಷೆ) ಇಲ್ಲದೆ ನೋಂದಣಿ ಆಗುವುದಿಲ್ಲ. ಅದಕ್ಕೂ ಸಮಯ ಇಟ್ಟುಕೊಳ್ಳಿ. ಸರ್ವೆಯವರ ಸರದಿ ಉದ್ದ ಇರುತ್ತದೆ. ಮಾರುವವರು ಕೈಕೊಟ್ಟರೆ ಕರಾರು ನೆರವೇರಿಸಿಕೊಡಿ ಎಂದು ದಾವೆ ಹಾಕಲು 3 ವರ್ಷ ಸಮಯ. ಕರಾರಿನಲ್ಲಿ ತಾರೀಕು ಬರೆದಿದ್ದರೆ ಆ ತಾರೀಕಿನಿಂದ ಲೆಕ್ಕ.

ಗಲ್ಫಿನಲ್ಲಿದ್ದವರು ಅಪ್ಪನಿಗೋ ಭಾವನಿಗೋ ಪವರ್ ಆಫ್ ಅಟಾರ್ನಿ ಕೊಡುತ್ತಾರೆ. ಅದು ಭಾರತದ ದೂತಾವಾಸದಲ್ಲಿ ದೃಢೀಕರಣ ಆಗಿರಲಿ. ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಸ್ಟ್ಯಾಂಪ್ ಶುಲ್ಕ ಕಟ್ಟಿಸಬೇಕು. ಲಕೋಟೆಯಲ್ಲೇ ಕಪಾಟಿನೊಳಗೆ ಬಿದ್ದಿದ್ದರೆ ನೋಂದಣಿ ದಿನ ಪರದಾಡಬೇಕಾಗುತ್ತದೆ.

ಹಂತ 6: ಕನ್ವರ್ಷನ್, ಏಕನಿವೇಶನ, 9/11

2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಕೊಳ್ಳಬಹುದು ಅಂದಮಾತ್ರಕ್ಕೆ ಕಟ್ಟಬಹುದು ಅಂತಲ್ಲ. ಭೂಕಂದಾಯ ಕಾಯ್ದೆಯ 95ನೇ ಕಲಂನಲ್ಲಿ ಜಿಲ್ಲಾಧಿಕಾರಿಯವರಿಂದ ಭೂ ಪರಿವರ್ತನೆ ಆಗಬೇಕು. ಮಾಡದೆ ಕಟ್ಟಿದರೆ 96ನೇ ಕಲಂನಲ್ಲಿ ದಂಡ, ತೆರವು.

ಅರ್ಜಿ ಆನ್‌ಲೈನ್. ಆರ್‌ಟಿಸಿಯಲ್ಲಿ ಹೆಸರಿದ್ದವರೇ ಹಾಕಬೇಕು. ಆರ್‌ಟಿಸಿ, ಮ್ಯುಟೇಶನ್ ಪ್ರತಿ, ಭಾಗದ ಜಾಗವಾದರೆ 11ಇ ನಕ್ಷೆ, ಪ್ರಮಾಣಪತ್ರ ಲಗತ್ತಿಸಬೇಕು. ಮಾಸ್ಟರ್ ಪ್ಲಾನಿನ ಬಣ್ಣಕ್ಕೂ ನೀವು ಕೇಳುವ ಉದ್ದೇಶಕ್ಕೂ ಹೊಂದಿದರೆ ಕೆಲಸ ಸಲೀಸು. ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ. ಹಂತ 1ನ್ನು ಮೊದಲು ಇಟ್ಟದ್ದು ಇದಕ್ಕೇ.

‘ಕನ್ವರ್ಟೆಡ್ ಜಾಗ’ ಎಂದು ಮಾರುವವರ ಆದೇಶ ಕೇಳಿ ಓದಿ. ವಸತಿಗೆ ಆದ ಪರಿವರ್ತನೆಯಲ್ಲಿ ಅಂಗಡಿ ಬರುವುದಿಲ್ಲ. ನಮ್ಮ ಉದಾಹರಣೆಯವರು ಮನೆಗೂ ಅಂಗಡಿಗೂ ಜಾಗ ಬೇರೆ ಬೇರೆ ಗುರುತಿಸಿ ಅರ್ಜಿ ಹಾಕಬೇಕು. ಒಟ್ಟಿಗೆ ವಸತಿ ಅಂತ ಮಾಡಿಸಿ ಆಮೇಲೆ ಶಟರ್ ಹಾಕುವುದು ನಮ್ಮಲ್ಲಿ ಮಾಮೂಲಿ. ಬ್ಯಾಂಕ್ ಸಾಲ ಕೇಳುವ ದಿನ ಅದು ಹೊರಗೆ ಬರುತ್ತದೆ.

ಪರಿವರ್ತನೆ ಆದ ಮೇಲೆ ಪ್ರಾಧಿಕಾರದಿಂದ ಏಕನಿವೇಶನ ವಿನ್ಯಾಸ ಅನುಮೋದನೆ. ತುಂಡು ಮಾಡಿ ಮಾರುವುದಾದರೆ ಯೋಜನಾ ಕಾಯ್ದೆಯ 17ನೇ ಕಲಂನ ಬಡಾವಣೆ ಅನುಮೋದನೆ. ಅಲ್ಲಿ ರಸ್ತೆ, ಪಾರ್ಕಿಗೆ ಜಾಗ ಬಿಡಬೇಕು. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆ ಮಾರಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಬೇಕು. ಆಮೇಲೆ ಪಂಚಾಯತಿನಲ್ಲಿ ಆಸ್ತಿ ಖಾತೆಯ ನಮೂನೆ 9 ಮತ್ತು 11, ಎಲ್ಲರೂ ಹೇಳುವ ‘9/11’. ನಗರಸಭೆ, ಪಾಲಿಕೆಯಲ್ಲಾದರೆ ಇ–ಖಾತೆ. ಯಾರು ಅನುಮೋದಿಸಬೇಕು ಎಂಬ ಸುತ್ತೋಲೆ ಮೇಲಿಂದ ಮೇಲೆ ಬದಲಾಗುತ್ತದೆ. ಹೋದ ವರ್ಷ ಪಕ್ಕದ ಮನೆಯವರಿಗೆ ಹೇಗಾಯ್ತು ಎಂಬುದು ನಿಮಗೆ ಆಧಾರ ಅಲ್ಲ.

ಹಂತ 7: ಬಣ್ಣವೇ ಬೇರೆ ಇದ್ದರೆ

ಯೋಜನಾ ಕಾಯ್ದೆಯ 14–ಎ ಕಲಂನಲ್ಲಿ ಭೂಬಳಕೆ ಬದಲಾವಣೆ ಕೇಳಬಹುದು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪ ಕರೆಯಬೇಕು. ‘ನನಗೆ ಲಾಭ’ ಎಂಬುದು ಕಾರಣ ಅಲ್ಲ. ಸುತ್ತ ಏನೇನು ಬಂದಿದೆ, ರಸ್ತೆ ಎಷ್ಟಿದೆ, ನೀರು, ಒಳಚರಂಡಿ ತಡೆಯುತ್ತದಾ ಎಂದು ಫೋಟೊ, ನಕ್ಷೆ ಸಮೇತ ಅರ್ಜಿ ಬರೆಯುವುದರಲ್ಲಿ ವಕೀಲರ ಕೈಚಳಕ ಇದೆ. ಈ ಅರ್ಜಿಯ ಮೇಲೆ ಭರವಸೆ ಇಟ್ಟು ಪೂರ್ತಿ ದುಡ್ಡು ಕೊಡಬೇಡಿ.

ಇದೇ ಕಲಂ ಇನ್ನೊಂದು ಕಡೆಯವರಿಗೂ ಆಯುಧ. ನಿಮ್ಮ ಮನೆ ಪಕ್ಕದ ವಸತಿ ಜಾಗವನ್ನು ಯಾರೋ ಕೈಗಾರಿಕೆಗೆ ಬದಲಿಸಲು ಹೊರಟರೆ ಆ ಪ್ರಕಟಣೆಯ ಅವಧಿಯೊಳಗೆ ಲಿಖಿತ ಆಕ್ಷೇಪ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಆಗ ಸುಮ್ನೆ ಇದ್ದು ಆಮೇಲೆ ರಿಟ್ ಹಾಕಿದರೆ ‘ಆಗ ಎಲ್ಲಿದ್ದಿರಿ’ ಎಂದು ಕೋರ್ಟ್ ಕೇಳುತ್ತದೆ.

ಹಂತ 8: ಪ್ಲಾನ್, ಲೈಸೆನ್ಸ್, ಡೋರ್ ನಂಬರ್

ಇದು ಎಂಜಿನಿಯರ್ ಕೆಲಸ, ವಕೀಲರದ್ದು ಕಡಿಮೆ. ಒಂದು ಮಾತು ಮಾತ್ರ. ಪಾಸಾದ ಪ್ಲಾನ್ ಬಿಟ್ಟು ಕಟ್ಟಿದರೆ ಕೊನೆಗೆ ಕಟ್ಟಡ ಪೂರ್ಣ ಪ್ರಮಾಣಪತ್ರ ಸಿಗುವುದಿಲ್ಲ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಆ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರು ಕೊಡಬೇಕು ಎಂದು ಹೇಳಿದೆ. ‘ಕಟ್ಟಿ ಆಮೇಲೆ ಸಕ್ರಮ ಮಾಡೋಣ’ ಎಂಬ ಕಾಲ ಮುಗಿಯುತ್ತಾ ಬಂತು.

ಹಂತ 9: ನೋಟೀಸ್ ಬಂದರೆ

ಮಂಗಳೂರು ಲಾಲ್‌ಬಾಗಿನ ಪಾಲಿಕೆ ಕಚೇರಿಯಿಂದ, ಅಕ್ರಮ ಕಟ್ಟಡ ಎಂದು ಪಾಲಿಕೆ ಕಾಯ್ದೆಯ 321ನೇ ಕಲಂನ ನೋಟೀಸ್ ಬಂದರೆ ಹೆದರಿ ಮಡಚಿ ಇಡಬೇಡಿ. ಮೊದಲು ಬರುವುದು ತಾತ್ಕಾಲಿಕ ಆದೇಶ, ಅದಕ್ಕೆ ಕಾರಣ ಹೇಳಲು ಸಮಯ ಕೊಡುತ್ತಾರೆ. ಆ ಸಮಯದೊಳಗೆ ಲೈಸೆನ್ಸ್, ಪ್ಲಾನ್, ಅಳತೆ ಸಮೇತ ಉತ್ತರ ಹೋಗಬೇಕು. ಕಟ್ಟಡ ಕೆಡವುವ ಮೊದಲು 15 ದಿನದ ನೋಟೀಸ್ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಆದರೆ ರಸ್ತೆ, ಹೊಳೆಯಂಥ ಸಾರ್ವಜನಿಕ ಜಾಗ ಒತ್ತಿದವರಿಗೆ ಆ ರಕ್ಷಣೆ ಇಲ್ಲ. ಪ್ರಾಧಿಕಾರದ ಆದೇಶ ಪ್ರಶ್ನಿಸಲು ಹೈಕೋರ್ಟಿಗೆ ಹೋಗಬೇಕಾದರೆ ನಮಗೆ ಬೆಂಗಳೂರೇ ಗತಿ. ಮಂಗಳೂರಿಗೆ ಪೀಠ ಬೇಕು ಎಂಬ ಬೇಡಿಕೆ ಹಳೆಯದು. ಅದು ಬರುವ ತನಕ ಘಾಟಿ ಹತ್ತುವ ಖರ್ಚನ್ನೂ ಲೆಕ್ಕದಲ್ಲಿ ಇಡಿ.

ವಕೀಲರನ್ನು ಹಿಡಿಯುವುದು

ಸಿವಿಲ್ ದಾವೆಯಲ್ಲಿ ಹೆಸರು ಮಾಡಿದವರೆಲ್ಲ ಈ ಕೆಲಸದಲ್ಲಿ ಪಳಗಿದವರಲ್ಲ. ಮೊದಲ ಭೇಟಿಯಲ್ಲಿ ‘ಈ ಸರ್ವೆ ನಂಬರಿನ ವಲಯ ಯಾವುದು, ಸಿಆರ್‌ಝಡ್ ಬರುತ್ತದಾ’ ಎಂದು ಅವರೇ ಕೇಳಿದರೆ ಸರಿಯಾದ ಕಡೆ ಬಂದಿದ್ದೀರಿ. ಕ್ರಯಪತ್ರದ ಡ್ರಾಫ್ಟ್ ಎಷ್ಟು ದಿನದಲ್ಲಿ ಬೇಕು ಎಂದು ಮಾತ್ರ ಕೇಳಿದರೆ ಇನ್ನೊಬ್ಬರನ್ನು ನೋಡಿ. ಮಾರುವವರ ವಕೀಲರನ್ನೇ ನೀವೂ ಹಿಡಿಯಬೇಡಿ, ಬ್ರೋಕರ್ ಎಷ್ಟೇ ಹೇಳಲಿ.

ಫೀಸನ್ನು ಭಾಗ ಮಾಡಿ ಮಾತಾಡಿ. ದಾಖಲೆ ಪರಿಶೀಲಿಸಿ ಲಿಖಿತ ಅಭಿಪ್ರಾಯ ಕೊಡುವುದಕ್ಕೆ ಒಂದು, ಕಚೇರಿ ಓಡಾಟಕ್ಕೆ ಒಂದು, ಕೇಸಾದರೆ ಬೇರೆ. ಅಭಿಪ್ರಾಯ ಬರಹದಲ್ಲೇ ಇರಲಿ. ಅದರಲ್ಲಿ ಹಕ್ಕು ಸರಿ ಇದೆ ಎಂಬುದರ ಜೊತೆ ಈ ಜಾಗದಲ್ಲಿ ಏನೇನು ಕಟ್ಟಬಹುದು, ಏನು ಕಟ್ಟಲಾಗದು ಎಂಬ ಒಂದು ಭಾಗ ಬೇಕು ಎಂದು ಮೊದಲೇ ಹೇಳಿ. ಮೊದಲ ದಿನ ಹೋಗುವಾಗ ಆರ್‌ಟಿಸಿ, ಇಸಿ, ಹಳೇ ಕ್ರಯಪತ್ರ ಮತ್ತು ಪಾಲುಪಟ್ಟಿಯ ಪ್ರತಿ, ಮಾರುವವರ ಕುಟುಂಬದ ವಂಶವೃಕ್ಷ, ದಿಶಾಂಕಿನ ಚಿತ್ರ, ದಾರಿಯ ನಾಲ್ಕು ಫೋಟೊ ಕೈಯಲ್ಲಿರಲಿ. ಅಷ್ಟಿದ್ದರೆ ಮುಂದೆ ಹೋಗಬೇಕಾ, ಬಿಟ್ಟುಬಿಡಬೇಕಾ ಎಂಬ ಮಾತು ಆ ದಿನವೇ ಶುರು ಮಾಡಬಹುದು.